ಒಬ್ಬಳ ಜೊತೆ ಎರಡು ವರ್ಷ: ಕಾರವಾರ, ಅಂಕೋಲೆಯ ಅಕ್ಕಂದಿರಿಗೆ ಒಂದು ಬಹಿರಂಗ ಪತ್ರ

ಅಂಕೋಲಾ



ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಹುಟ್ಟಿ, ಓದಿ, ಒಂದು ಹುದ್ದೆಗೆ ಬಂದು ನಿಂತ ಹೆಂಗಸರಿಗೆ ಈ ಪತ್ರ. ಕೃಷಿ, ತೋಟಗಾರಿಕೆ, ಮೀನುಗಾರಿಕೆ ಇಲಾಖೆಗಳಲ್ಲಿ ದುಡಿಯುತ್ತಿರುವವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಹೇಳಿಕೊಡುವ ಅಕ್ಕೋರುಗಳು, ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರು, ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಕಲಿತು ಬೇರೆ ಊರಿನ ಪ್ರಯೋಗಾಲಯ ಸೇರಿದವರು, ಕೆಲಸ ಮುಗಿಸಿ ನಿವೃತ್ತರಾಗಿ ಮನೆಯಲ್ಲಿರುವವರು, ಎಲ್ಲರೂ ಇದನ್ನು ನಿಮಗೇ ಬರೆದದ್ದೆಂದು ಓದಬೇಕು. ನಾನೂ ನಿಮ್ಮ ಪೈಕಿಯವಳೇ. ಅಂಕೋಲೆಯವಳು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎರಡು ತಾಲೂಕುಗಳಲ್ಲಿ ಬೆಳೆ ಬೆಳೆಯುವ, ಮೀನು ಮಾರುವ, ತಿನಿಸು ತಯಾರಿಸುವ ಹೆಂಗಸರಲ್ಲಿ ಒಬ್ಬರನ್ನು, ಇಲ್ಲವೇ ಆ ಮನೆಗಳಿಂದ ಓದಲು ಬಂದ ಹುಡುಗಿಯರಲ್ಲಿ ಒಬ್ಬಳನ್ನು ನೀವು ಆರಿಸಿಕೊಳ್ಳಿ. ಎರಡು ವರ್ಷ ಅವಳ ಜೊತೆಗಿರಿ. ಅವಳು ತನ್ನ ಕೆಲಸದಲ್ಲಿ ನಿರ್ಧಾರ ತೆಗೆದುಕೊಳ್ಳುವ ಜಾಗಕ್ಕೆ ಬರುವ ತನಕ ಕೈ ಬಿಡಬೇಡಿ.

ಯಾಕೆ ಅಂದರೆ, ನಮ್ಮ ಊರಿನ ಆಹಾರದ ತಿಳಿವಳಿಕೆ ಬಹುಪಾಲು ಹೆಂಗಸರ ಕೈಯಲ್ಲೇ ಇದೆ. ಕಾರವಾರದ ಭಾನುವಾರದ ಸಂತೆಗೆ ಹೋಗಿ ನೋಡಿ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆ ತರಕಾರಿ ಬೆಳೆದು ತರುವ ಹಾಲಕ್ಕಿ ಸಮುದಾಯದ ಹೆಂಗಸಿಗೆ ಯಾವ ಬದನೆಯನ್ನು ಬೀಜಕ್ಕೆ ಬಿಡಬೇಕು, ಯಾವ ಹರಿವೆಗೆ ಯಾವಾಗ ನೀರು ತಪ್ಪಿಸಬೇಕು ಎಂಬುದು ಗೊತ್ತು. ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಬಳಚು ಆಯುವವಳಿಗೆ ಯಾವ ದಿಬ್ಬದಲ್ಲಿ ಮರಿ ಕೂತಿದೆ, ಎಲ್ಲಿ ಈ ವರ್ಷ ಕೈ ಹಾಕಬಾರದು ಎಂದು ಗೊತ್ತು. ಬೇಲೇಕೇರಿಯಲ್ಲಿ, ಹಾರವಾಡದಲ್ಲಿ ಮೀನು ಒಣಗಿಸುವವರು ಮೋಡದ ಬಣ್ಣ ನೋಡಿ ಉಪ್ಪಿನ ಅಳತೆ ಬದಲಿಸುತ್ತಾರೆ. ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಡೆದುಕೊಂಡು ನಿಲ್ಲುವ ಕಗ್ಗ ಭತ್ತದ ಬೀಜ ಇಂದಿಗೂ ಉಳಿದಿರುವುದು ಅದನ್ನು ಒಣಗಿಸಿ, ತೂರಿ, ಕಟ್ಟಿಟ್ಟ ಕೈಗಳಿಂದ.

ಈ ತಿಳಿವಳಿಕೆ ಅಧಿಕಾರವಾಗುವ ಜಾಗಗಳು ಬೇರೆ. ಪಹಣಿಯಲ್ಲಿ ಹೆಸರು ಅಪ್ಪನದೋ, ಗಂಡನದೋ, ಮೈದುನನದೋ. ಸೊಸೈಟಿಯ ಸಭೆಯಲ್ಲಿ ಮಹಿಳೆಯರಿಗೆ ಮೀಸಲಿಟ್ಟ ಕುರ್ಚಿಯಲ್ಲಿ ಕೂತವಳು ಸಹಿ ಹಾಕಿ ಎದ್ದು ಬರುತ್ತಾಳೆ. ದರ ನಿಗದಿ ಮಾಡುವವನು ದಲ್ಲಾಳಿ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಹಳ್ಳಿಯಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೃಷಿಯಲ್ಲಿದ್ದಾರೆ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ಹೆಂಗಸರು ನಡೆಸುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಉಳಿದವರು ಸರ್ಕಾರದ ಕಾಗದದಲ್ಲಿ ರೈತರೇ ಅಲ್ಲ. ರೈತನ ಹೆಂಡತಿ, ಇಲ್ಲವೇ ಕೂಲಿ.

ನಮ್ಮ ತಾಲೂಕಿನ ಹೆಸರನ್ನು ದೇಶವೇ ತಿರುಗಿ ನೋಡುವಂತೆ ಮಾಡಿದ ಇಬ್ಬರು ಹಾಲಕ್ಕಿ ಹೆಂಗಸರು ಈಚೆಗೆ ಎರಡೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್ 16ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿ 13ರಂದು. ಸುಕ್ರಜ್ಜಿ ಶಾಲೆಯ ಓದು ಇಲ್ಲದೆ, ಹಾಡಿನ ಬಲದಿಂದಲೇ ತಮ್ಮ ಊರಿನ ಹೆಂಗಸರನ್ನು ಸಾರಾಯಿಯ ವಿರುದ್ಧ ಒಗ್ಗೂಡಿಸಿದವರು. ನಾಯಕತ್ವಕ್ಕೆ ಪದವಿ ಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ತುಳಸಜ್ಜಿಯ ಬದುಕನ್ನು ಮಾತ್ರ ಇನ್ನೂ ಹತ್ತಿರದಿಂದ ನೋಡೋಣ. ತಾಯಿಯ ಹಿಂದೆ ಅರಣ್ಯ ಇಲಾಖೆಯ ನರ್ಸರಿಗೆ ಹೋದ ಹುಡುಗಿ ಅಲ್ಲಿಯೇ ಕೆಲಸಕ್ಕೆ ನಿಂತರು. ಮೂವತ್ತಕ್ಕೂ ಹೆಚ್ಚು ವರ್ಷ ದಿನಗೂಲಿ, ಆಮೇಲೆ ಕೆಲಸ ಕಾಯಂ. ಕಾಡಿನಲ್ಲಿ ಒಂದು ಜಾತಿಯ ಅಷ್ಟೂ ಮರಗಳ ನಡುವೆ ಬೀಜಕ್ಕೆ ತಕ್ಕ ತಾಯಿಮರ ಯಾವುದು, ಅದರ ಬೀಜವನ್ನು ಯಾವ ವಾರ ಆಯ್ದರೆ ಮೊಳೆಯುತ್ತದೆ, ಹೇಗೆ ಸಂಸ್ಕರಿಸಿದರೆ ಸಸಿ ಗಟ್ಟಿ ಬರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಅರಣ್ಯಾಧಿಕಾರಿ ಅ.ನ. ಯಲ್ಲಪ್ಪ ರೆಡ್ಡಿಯವರು ಈ ಭಾಗಕ್ಕೆ ಬಂದಾಗ ತುಳಸಜ್ಜಿಯನ್ನು ಕೂಲಿಯವಳೆಂದು ಬದಿಗೆ ಸರಿಸದೆ ಅವರಿಂದ ಕಲಿಯಲು ಕೂತರು, ಆ ಜ್ಞಾನವನ್ನು ಇಲಾಖೆಯ ಮುಂದಿಟ್ಟರು. 1986ರಲ್ಲಿ ತುಳಸಜ್ಜಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. ಅಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ಕಣ್ಣು ತುಂಬಿಕೊಂಡು ನೋಡಿದೆವು.

ನನ್ನನ್ನು ಕಾಡುವ ಪ್ರಶ್ನೆ ಇದು. ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಗಿದ್ದಿದ್ದರೆ? ತುಳಸಜ್ಜಿಯ ತಿಳಿವಳಿಕೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಷ್ಟೇ. ಅಚವೆಯಲ್ಲಿ, ಅಗಸೂರಿನಲ್ಲಿ, ಅಮದಳ್ಳಿಯಲ್ಲಿ, ಮಾಜಾಳಿಯಲ್ಲಿ ಅಂಥವರು ಎಷ್ಟು ಜನ ಯಾರ ಕಣ್ಣಿಗೂ ಬೀಳದೆ ಹೋದರೋ. ಒಬ್ಬಳ ಪ್ರತಿಭೆಗೆ ದಾರಿ ಸಿಗುವುದು ಯಾರಿಗೆ ಎಲ್ಲಿಗೆ ವರ್ಗವಾಯಿತು ಎಂಬುದರ ಮೇಲೆ ನಿಲ್ಲಬಾರದು. ಅದೃಷ್ಟ ಮಾಡಿದ ಕೆಲಸವನ್ನು ನಾವು ಪದ್ಧತಿಯಾಗಿ ಮಾಡಬೇಕು.

ಓದಿದ ಹೆಂಗಸಿಗೂ ಇದೇ ಮಾತು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತರನ್ನು ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಪಟ್ಟು ಹಿಡಿದ ಮೇಲೆ, ಒಂದು ವರ್ಷ ನೋಡಿ ಹೇಳುತ್ತೇನೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯನವರು ಅವರಿಗೆ ಗುರುವಾದರು. ಹಾಲಿನ, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿಸಿದರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾಗಿ, ನೀರಾ ಎಂಬ ಪಾನೀಯದ ಪೌಷ್ಟಿಕಾಂಶ ಕುರಿತು ಸಂಶೋಧನೆ ಮಾಡಿದರು, ಮುಂದೆ ಮುಂಬೈಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕಿಯಾದರು. ಬಾಗಿಲು ತೆರೆಸಿದ್ದು ಅವರ ಹಟ. ಒಳಗೆ ಬಂದ ಮೇಲೆ ವಿಜ್ಞಾನಿಯಾಗಿ ಬೆಳೆಸಿದ್ದು ದಿನವೂ ಪಕ್ಕದಲ್ಲಿ ನಿಂತ ಗುರು. ನಾವು ಬಾಗಿಲಿನ ಬಗ್ಗೆ ತುಂಬ ಮಾತಾಡುತ್ತೇವೆ, ಪಕ್ಕದಲ್ಲಿ ನಿಲ್ಲುವ ಬಗ್ಗೆ ಕಡಿಮೆ.

ನಮ್ಮ ಜಿಲ್ಲೆಯಲ್ಲಿ ತರಬೇತಿಗೆ ಬರವಿಲ್ಲ. ಸ್ವಸಹಾಯ ಸಂಘದ ಹೆಂಗಸರಿಗೆ ಉಪ್ಪಿನಕಾಯಿ, ಹಪ್ಪಳ, ಮೀನಿನ ಖಾದ್ಯ ಎಂದು ಎರಡು ದಿನದ ಶಿಬಿರ ನಡೆಯುತ್ತದೆ. ಪ್ರಮಾಣಪತ್ರ ಸಿಗುತ್ತದೆ, ಫೋಟೊ ತೆಗೆಯುತ್ತಾರೆ. ಕಷ್ಟ ಶುರುವಾಗುವುದು ಮೂರನೆಯ ತಿಂಗಳಲ್ಲಿ. ಬಾಟಲಿಯ ಬಾಯಲ್ಲಿ ಬೂಸ್ಟು ಕಾಣಿಸುತ್ತದೆ, ಅಂಗಡಿಯವನು ಮಾಲು ವಾಪಸ್ ಕಳಿಸುತ್ತಾನೆ, ಬ್ಯಾಂಕಿನವರು ಇನ್ನೊಂದು ಕಾಗದ ಕೇಳುತ್ತಾರೆ. ಆಗ ಫೋನ್ ಮಾಡಿ ಕೇಳಲು ಅವಳಿಗೆ ಒಬ್ಬರೂ ಇಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಸಂಘದ ಒಲೆ ಆರಿರುತ್ತದೆ, ಹೆಂಗಸರಿಗೆ ವ್ಯವಹಾರ ಗೊತ್ತಾಗುವುದಿಲ್ಲ ಎಂಬ ಮಾತು ಉಳಿದಿರುತ್ತದೆ.

ಉದಾಹರಣೆಗೆ ಅಂಕೋಲೆಯ ಕರಿ ಇಷಾಡ ಮಾವನ್ನೇ ತೆಗೆದುಕೊಳ್ಳಿ. ತೆಳು ಸಿಪ್ಪೆ, ತುಂಬಾ ರಸ, ಬುಟ್ಟಿ ಇಳಿಸಿದರೆ ಓಣಿಯೆಲ್ಲ ಪರಿಮಳ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅರ್ಜಿ ಹಾಕಿದ್ದು ಇಲ್ಲಿಯದೇ ಮಾತಾ ತೋಟಗಾರ್ಸ್ ರೈತ ಉತ್ಪಾದಕ ಕಂಪನಿ. ಊರಿಗೆ ಹೆಮ್ಮೆಯ ವಿಷಯ. ಆದರೆ ಆ ತೆಳು ಸಿಪ್ಪೆಯ ಕಾರಣಕ್ಕೇ ಹಣ್ಣು ದೂರದ ಪೇಟೆಗೆ ತಾಳುವುದಿಲ್ಲ. ಒಂದು ತಿಂಗಳ ಸುಗ್ಗಿಯಲ್ಲಿ ಮಾರಿಹೋಗದ ಹಣ್ಣನ್ನು ಉಳಿಸಬೇಕಾದರೆ ರಸ ತೆಗೆದು ಕೆಡದಂತೆ ಇಡಬೇಕು, ಇಲ್ಲವೇ ಹಣ್ಣಿನ ಹಪ್ಪಳ ಮಾಡಬೇಕು. ಮನೆಯಲ್ಲಿ ಈ ಕೆಲಸ ಮಾಡುತ್ತ ಬಂದವರು ಹೆಂಗಸರು.

ಇಲ್ಲಿ ಒಬ್ಬ ರಸಾಯನಶಾಸ್ತ್ರದ ಅಕ್ಕೋರು ಏನು ಮಾಡಬಹುದು? ರಸದ ಹುಳಿಯನ್ನು ಪಿಎಚ್ ಮೀಟರಿನಲ್ಲಿ ಅಳೆಯುವುದನ್ನು ಕಲಿಸಬಹುದು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ತರುವ ಅಪಾಯಕಾರಿ ಬ್ಯಾಕ್ಟೀರಿಯ ಬೆಳೆಯುವುದಿಲ್ಲ. ಚೆನ್ನಾಗಿ ಮಾಗಿದ ಮಾವಿನಲ್ಲಿ ಹುಳಿ ಇಳಿದು ಈ ಗೆರೆಯ ಹತ್ತಿರ ಬರುತ್ತದೆ, ಆದ್ದರಿಂದ ಸಿಟ್ರಿಕ್ ಆಮ್ಲ ಬೆರೆಸಬೇಕಾಗುತ್ತದೆ. ಇದನ್ನು ಒಮ್ಮೆ ಹೇಳಿದರೆ ಸಾಲದು. ಮೊದಲ ಸುಗ್ಗಿಯಲ್ಲಿ ಅವಳ ಜೊತೆ ನಿಂತು ಅಳೆಯಬೇಕು, ಎರಡನೆಯ ಸುಗ್ಗಿಯಲ್ಲಿ ಅವಳು ಅಳೆದದ್ದನ್ನು ನೋಡಬೇಕು. ಅಜ್ಜಿಯ ಕಾಲದ ರುಚಿಗೂ ಪ್ರಯೋಗಾಲಯದ ಅಂಕಿಗೂ ನಂಟು ಅವಳಿಗೆ ಹೊಳೆದ ದಿನ ಅವಳು ಯಾವ ವ್ಯಾಪಾರಿಯ ಎದುರೂ ಧೈರ್ಯವಾಗಿ ಕೂತು ಮಾತಾಡಬಲ್ಲಳು. ಅದೇ ಹೊತ್ತಿಗೆ ತೋಟಗಾರಿಕೆಯ ಅಕ್ಕ ಒಬ್ಬರು, ಭೌಗೋಳಿಕ ಸೂಚಕದ ಕಾನೂನಿನಂತೆ ಅಧಿಕೃತ ಬಳಕೆದಾರಳಾಗಿ ಅವಳ ಹೆಸರು ನೋಂದಾಯಿಸಲು ಅರ್ಜಿ ತುಂಬಿಸಬಹುದು. ಹಣ್ಣಿನ ಹೆಸರು ದೊಡ್ಡದಾದರೆ ಸಾಲದು, ಅದನ್ನು ಉಳಿಸಿದವಳ ಹೆಸರೂ ಕಾಗದದ ಮೇಲೆ ಬರಬೇಕು.

ಮೀನಿನ ವಿಷಯ ಇನ್ನೂ ಹತ್ತಿರದ್ದು. ಬಂಗಡೆ ಬಿಸಿಲಲ್ಲಿ ಮಂಜುಗಡ್ಡೆಯಿಲ್ಲದೆ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ; ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಕೆ ಬರುತ್ತದೆ. ನಮ್ಮ ಸೆಕೆಯಲ್ಲಿ ಮೀನಿನ ತೂಕದಷ್ಟೇ ಮಂಜುಗಡ್ಡೆ ಬೇಕು. ಬಳಚು, ಕಲ್ಗ ನೀರನ್ನು ಸೋಸಿ ಬದುಕುವ ಚಿಪ್ಪುಜೀವಿಗಳು, ನೀರಿನ ಹೊಲಸು ಅವುಗಳ ಹೊಟ್ಟೆಯಲ್ಲಿ ಸೇರುತ್ತದೆ. ಮಾರುವ ಮೊದಲು ಶುದ್ಧ ಉಪ್ಪುನೀರಿನಲ್ಲಿ ಬಿಟ್ಟು ಅದನ್ನು ಹೊರಹಾಕಿಸಬೇಕು. ಕಾರವಾರದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಪಂಜರದಲ್ಲಿ ಮೀನು ಸಾಕುವ ಪ್ರಯೋಗ ಸಮುದ್ರದಲ್ಲೇ ನಡೆದಿದೆ. ಮೀನು ಮಾರುಕಟ್ಟೆಯಿಂದ ಆ ಕಟ್ಟಡಕ್ಕೆ ದೂರವೇನೂ ಇಲ್ಲ. ಆದರೂ ಹರಿಕಂತ್ರ, ಖಾರ್ವಿ ಸಮುದಾಯದ ಮೀನುಗಾರ ಹೆಂಗಸು ಒಬ್ಬಳೇ ಅದರ ಗೇಟು ದಾಟಿ ಒಳಗೆ ಹೋಗಿ ಪ್ರಶ್ನೆ ಕೇಳುವುದಿಲ್ಲ. ಪರಿಚಯದವರು ಒಬ್ಬರು ಜೊತೆಗೆ ಬಂದರೆ ಕೇಳುತ್ತಾಳೆ. ಆ ಪರಿಚಯದವರು ನೀವಾಗಬೇಕು.

ಹೀಗೆ ಮಾಡಿದ ಕಡೆ ಫಲ ಕಂಡಿದೆ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಮಹಿಳಾ ಸ್ವಸಹಾಯ ಸಂಘಗಳು ಇದೇ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಹಗ್ಗಕ್ಕೆ ನೀಲಿಕಲ್ಲು ಕಟ್ಟಿ ಬೆಳೆದವು, ಆಯುವವರು ಬೆಳೆಗಾರರಾದರು. ನಮ್ಮ ಘಟ್ಟದ ಮೇಲೆ ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಶುರುಮಾಡಿದ ವನಸ್ತ್ರೀ ಬಳಗದಲ್ಲಿ ಮನೆಯಂಗಳದ ಕೈತೋಟದ ಹೆಂಗಸರು ಬೀಜ ಉಳಿಸಿ, ಹಂಚಿ, ಒಬ್ಬರು ಇನ್ನೊಬ್ಬರಿಗೆ ಕಲಿಸುತ್ತ ಬಂದಿದ್ದಾರೆ. ದೂರದ ನೈರೋಬಿಯಲ್ಲಿ 2008ರಲ್ಲಿ ಹುಟ್ಟಿದ ‘ಅವಾರ್ಡ್’ ಎಂಬ ಕಾರ್ಯಕ್ರಮ ಆಫ್ರಿಕದ ಕೃಷಿ ವಿಜ್ಞಾನಿ ಹೆಂಗಸರಿಗೆ ಎರಡು ವರ್ಷದ ಫೆಲೋಶಿಪ್ ಕೊಟ್ಟಿತು. ಪ್ರತಿಯೊಬ್ಬಳಿಗೂ ಒಬ್ಬ ಹಿರಿಯ ವಿಜ್ಞಾನಿ ಜೋಡಿ. ಅವಳು ತನ್ನ ಸರದಿಯಲ್ಲಿ ಒಬ್ಬ ಕಿರಿಯಳಿಗೆ ಜೋಡಿಯಾಗಬೇಕು. ನಾನು ಎರಡು ವರ್ಷ ಎಂದು ಹೇಳುತ್ತಿರುವುದು ಆ ಲೆಕ್ಕದಿಂದ. ಒಂದು ವರ್ಷದಲ್ಲಿ ಸುಗ್ಗಿ ಒಂದೇ ಬಾರಿ ಬರುತ್ತದೆ. ಎರಡನೆಯ ಸುಗ್ಗಿ ಬಂದಾಗಲೇ ಕಲಿತದ್ದು ಕೈಗೆ ಹತ್ತಿದೆಯೋ ಇಲ್ಲವೋ ತಿಳಿಯುವುದು.

ಓದುವ ಹುಡುಗಿಯರ ಬಗ್ಗೆಯೂ ಹೇಳಬೇಕು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ತಂದ ಜಿಲ್ಲೆ ನಮ್ಮದು. ಆ ಶಾಲೆಗಳಿಂದಲೇ ನಮ್ಮಲ್ಲಿ ಎಷ್ಟೋ ಜನ ಬಂದೆವು. ಈಗ ಪಿಯುಸಿ ವಿಜ್ಞಾನ ಓದುವ ರೈತರ ಮಗಳಿಗೆ ಗೊತ್ತಿರುವುದು ನರ್ಸಿಂಗ್, ಡಿ.ಎಡ್., ಇಂಜಿನಿಯರಿಂಗ್. ಕೃಷಿ ಪದವಿಯ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇದೆ ಎಂದು ಅವಳಿಗೆ ಹೇಳಿದವರಿಲ್ಲ. ಗದ್ದೆಯಲ್ಲಿ ಬೆಳೆದ ಮಗು ಆ ಪರೀಕ್ಷೆಗೆ ಅರ್ಜಿಯನ್ನೇ ಹಾಕದೆ ಹೋಗುತ್ತದೆ. ಶಿರಸಿಯಲ್ಲಿ ಅರಣ್ಯ ಮತ್ತು ತೋಟಗಾರಿಕೆ ಕಾಲೇಜುಗಳಿವೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ 2020ರಲ್ಲಿ ಶ್ರೀದೇವಿ ಅನ್ನಪೂರ್ಣ ಸಿಂಗ್ ನಿರ್ದೇಶಕಿಯಾದರು. ಬೇಲೇಕೇರಿಯ ಹುಡುಗಿಯೊಬ್ಬಳು ಆ ಕುರ್ಚಿಯನ್ನು ತನ್ನದೆಂದು ಕನಸು ಕಾಣಬೇಕಾದರೆ ಮೊದಲು ಅದರ ಸುದ್ದಿ ಅವಳಿಗೆ ತಲುಪಬೇಕು. ಬೆಂಗಳೂರು, ಮುಂಬೈಯಲ್ಲಿರುವ ಅಕ್ಕಂದಿರೇ, ಈ ಕೆಲಸಕ್ಕೆ ನೀವು ಊರಿಗೆ ಬರಬೇಕಾಗಿಲ್ಲ. ತಿಂಗಳಿಗೊಂದು ಫೋನು, ಅರ್ಜಿಯ ದಿನಾಂಕದ ನೆನಪು, ಹಾಸ್ಟೆಲಿನ ಮೊದಲ ವಾರದಲ್ಲಿ ಒಂದು ಭೇಟಿ ಸಾಕು.

ಜೊತೆಗಿರುವುದೆಂದರೆ ಏನೇನು ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

ತಿಂಗಳಿಗೆ ಒಮ್ಮೆಯಾದರೂ ಅವಳು ಕೆಲಸ ಮಾಡುವ ಜಾಗಕ್ಕೆ ಹೋಗಿ ಕೂತು ಮಾತಾಡುವುದು. ಮೊದಲ ಮೂರು ತಿಂಗಳು ಅವಳಿಂದ ನಾವು ಕಲಿಯುವುದು, ಸಲಹೆ ಕೊಡದಿರುವುದು. ಆಮೇಲೆ ಬ್ಯಾಂಕು, ಪ್ರಯೋಗಾಲಯ, ಇಲಾಖೆಯ ಕಚೇರಿಗೆ ಮೊದಲ ಸಲ ಕರೆದೊಯ್ಯುವುದು, ಎರಡನೆಯ ಸಲ ಹೊರಗೆ ಬೆಂಚಿನ ಮೇಲೆ ಕೂತು ಕಾಯುವುದು, ಮೂರನೆಯ ಸಲ ಅವಳೇ ಹೋಗಿ ಬಂದು ಏನಾಯಿತೆಂದು ಹೇಳಿದಾಗ ಕೇಳಿಸಿಕೊಳ್ಳುವುದು. ಜಮಾಖರ್ಚನ್ನು ಅವಳ ಕೈಯಲ್ಲೇ ಬರೆಸುವುದು. ಸಭೆಯ ಹಿಂದಿನ ದಿನ ಅಲ್ಲಿ ಏನು ಕೇಳಬೇಕೆಂದು ಇಬ್ಬರೂ ಕೂತು ತಯಾರಾಗುವುದು. ರೈತ ಉತ್ಪಾದಕ ಕಂಪನಿಯ ಮಂಡಳಿಯಲ್ಲಿ 5ರಿಂದ 15 ನಿರ್ದೇಶಕರಿರಬಹುದು. ಅದರಲ್ಲಿ ಒಂದು ಸ್ಥಾನಕ್ಕೆ ಅವಳು ನಿಲ್ಲುವಂತೆ ಒತ್ತಾಯಿಸುವುದು, ಗೆದ್ದ ಮೇಲೆ ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಸುವುದು.

ಮಾಡಬಾರದ್ದೂ ಇದೆ. ನಾವು ಓದಿದವರು, ನಮ್ಮಲ್ಲಿ ಹಲವರು ಜಾತಿಯಲ್ಲೂ ಅನುಕೂಲದಲ್ಲೂ ಅವರಿಗಿಂತ ಮೇಲಿನ ಮೆಟ್ಟಿಲಲ್ಲಿ ಹುಟ್ಟಿದವರು. ಹಾಲಕ್ಕಿ, ಹರಿಕಂತ್ರ ಹೆಂಗಸರು ನಮ್ಮ ಮನೆಯ ಹಿಂಬಾಗಿಲಿಗೆ ತರಕಾರಿ, ಮೀನು ತಂದವರು. ನಾವು ಚೌಕಾಸಿ ಮಾಡಿದವರು. ಆ ಅಭ್ಯಾಸ ನಾಲಗೆಯ ಮೇಲೆ ಇನ್ನೂ ಇದೆ. ಅವಳನ್ನು ‘ನೀವು’ ಎಂದು ಮಾತಾಡಿಸುವುದರಿಂದ ಶುರುಮಾಡೋಣ. ಅವಳ ಪರವಾಗಿ ಸಭೆಯಲ್ಲಿ ನಾವೇ ಮಾತಾಡಬಾರದು. ಅವಳ ಬೀಜವನ್ನು, ಅಡುಗೆಯ ಕ್ರಮವನ್ನು ನಮ್ಮ ಹೆಸರಿನ ಪ್ರಬಂಧವಾಗಿ, ನಮ್ಮ ಹೆಸರಿನ ಬ್ರಾಂಡಾಗಿ ಮಾಡಿಕೊಳ್ಳಲೇಬಾರದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ರೈತರು ಕಾಪಾಡಿಕೊಂಡ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಲು ಅವಕಾಶ ಕೊಟ್ಟಿದೆ. ಓದಿದ ನಮ್ಮ ಕೆಲಸ ಆ ಅರ್ಜಿ ತುಂಬಲು ನೆರವಾಗುವುದು.

ನಮಗೇ ಪುರಸೊತ್ತಿಲ್ಲ ಎಂದು ನೀವು ಹೇಳಬಹುದು. ಕಚೇರಿ, ಮನೆ, ವಯಸ್ಸಾದ ಅತ್ತೆ, ಮಕ್ಕಳ ಪರೀಕ್ಷೆ ಎಲ್ಲ ನಿಮ್ಮ ತಲೆಯ ಮೇಲೇ ಇದೆ, ನನಗೆ ಗೊತ್ತು. ಅದಕ್ಕೇ ಒಬ್ಬಳನ್ನು ಮಾತ್ರ ಎಂದು ಕೇಳುತ್ತಿದ್ದೇನೆ. ಹತ್ತು ಸಂಘಕ್ಕೆ ಭಾಷಣ ಮಾಡುವ ಸಮಯವನ್ನು ಒಬ್ಬಳಿಗೆ ಕೊಡಿ. ನೀವೂ ಈ ಜಾಗಕ್ಕೆ ಒಬ್ಬರೇ ಬರಲಿಲ್ಲ. ಫೀಸು ಕಟ್ಟಿದ ಮಾಸ್ತರರೋ, ಅರ್ಜಿ ತಂದುಕೊಟ್ಟ ಅಕ್ಕೋರೋ, ಮೊದಲ ವರ್ಷ ಕಚೇರಿಯಲ್ಲಿ ಕಡತ ಬರೆಯುವುದನ್ನು ಹೇಳಿಕೊಟ್ಟ ಹಿರಿಯರೋ ಇದ್ದೇ ಇರುತ್ತಾರೆ. ಅವರಿಗೆ ಆ ಉಪಕಾರವನ್ನು ಹಿಂದಿರುಗಿಸಲು ಆಗುವುದಿಲ್ಲ; ಮುಂದಿನವಳಿಗೆ ಕೊಡಬಹುದು.

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಅಕ್ಟೋಬರ್ 15 ನಮ್ಮ ದೇಶದಲ್ಲಿ ಮಹಿಳಾ ಕಿಸಾನ್ ದಿವಸ. ಕಾರ್ಯಕ್ರಮಗಳು ನಡೆಯುತ್ತವೆ, ಶಾಲು ಹೊದಿಸುತ್ತಾರೆ. ಶಾಲಿನ ಜೊತೆಗೆ ಅವಳಿಗೆ ಒಬ್ಬ ಸಂಗಾತಿಯೂ ಸಿಗಲಿ ಎಂಬುದು ನನ್ನ ಆಸೆ.

ಈ ಪತ್ರ ಓದಿದ ಮೇಲೆ ಒಬ್ಬಳ ಹೆಸರು ನಿಮ್ಮ ಮನಸ್ಸಿಗೆ ಬಂದಿದ್ದರೆ ಈ ವಾರವೇ ಅವಳ ಹತ್ತಿರ ಹೋಗಿ. ಎರಡು ವರ್ಷದ ಕೊನೆಗೆ ನಮ್ಮನ್ನು ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಯಾವುದಾದರೂ ಒಂದು ಸರ್ಕಾರಿ ದಾಖಲೆಯಲ್ಲಿ ಅವಳ ಹೆಸರು ಬೆಳೆಗಾರಳಾಗಿ, ಉದ್ಯಮಿಯಾಗಿ, ಇಲ್ಲವೇ ವಿದ್ಯಾರ್ಥಿನಿಯಾಗಿ ಸೇರಿದೆಯೇ? ತನ್ನ ಮಾಲಿನ ದರವನ್ನೋ ತನ್ನ ಓದಿನ ದಾರಿಯನ್ನೋ ಅವಳೇ ನಿರ್ಧರಿಸುತ್ತಿದ್ದಾಳೆಯೇ? ಅವಳು ಇನ್ನೊಬ್ಬಳನ್ನು ಆರಿಸಿಕೊಂಡಿದ್ದಾಳೆಯೇ? ಮೂರಕ್ಕೂ ಹೌದು ಎಂದು ಹೇಳುವವರು ನಮ್ಮಲ್ಲಿ ಇಪ್ಪತ್ತು ಮಂದಿ ಸಿಕ್ಕರೂ ಕಾರವಾರ, ಅಂಕೋಲೆಯ ಸೊಸೈಟಿಗಳ, ಮಾರುಕಟ್ಟೆಗಳ, ಪ್ರಯೋಗಾಲಯಗಳ ಮಾತುಕತೆಯೇ ಬದಲಾಗುತ್ತದೆ. ನಾನು ನನ್ನವಳನ್ನು ಆರಿಸಿಕೊಂಡಿದ್ದೇನೆ. ನೀವೂ ಆರಿಸಿಕೊಳ್ಳಿ.

ಇಂತಿ ನಿಮ್ಮವಳೇ ಆದ,
ಅಂಕೋಲೆಯ ಒಬ್ಬ ನಿವೃತ್ತ ಅಕ್ಕೋರು